ಪೀಟರ್ ಅಂದ್ರೆ ವಿಲನ್ನೇ ಏನ್ಲಾ?

ಮಂಡ್ಯ, ಮದ್ದೂರು, ಮಳವಳ್ಳಿ... ಈ ಮೂರು ಊರಲ್ಲಿ ಯಾವ ಬಸ್ ಸ್ಟ್ಯಾಂಡಿಗೆ ಬೇಕಾದರೂ ಹೋಗಿ, ಒಂದು ಬೈಟೂ ಟೀ ಹಿಡಿದು ಅರ್ಧ ಗಂಟೆ ನಿಂತ್ಕೊಳ್ಳಿ. ಇಡೀ ಕನ್ನಡ ಚಿತ್ರರಂಗ ನಿಮ್ಮ ಕಣ್ಮುಂದೆ ಹಾದುಹೋಗ್ತದೆ! ಕೈಗೆ ಕಡಗ ಹಾಕ್ಕೊಂಡು ಅದನ್ನು ಮೇಲಕ್ಕೆ ಸರಿಸಿಕೊಳ್ಳೋನು ವಿಷ್ಣು ಅಭಿಮಾನಿ. ಕತ್ತು ಒಂಚೂರು ಓರೆ ಮಾಡಿ, ಬೈಗುಳದಲ್ಲೇ ಪ್ರೀತಿ ಬೆರೆಸಿ ಮಾತಾಡೋನು ಅಂಬರೀಶಣ್ಣನ ಪೈಕಿ. ಎರಡೂ ಕೈ ಮುಗಿದು ತಗ್ಗಿ ಬಗ್ಗಿ ಮಾತಾಡಿದ್ರೆ ಅಣ್ಣಾವ್ರ ಸಂಘದ ಸದಸ್ಯ ಅಂತ ಕಣ್ಮುಚ್ಚಿ ಹೇಳಬಹುದು. ಕ್ರಾಪು ಒಬ್ಬರದು, ಗಡ್ಡ ಒಬ್ಬರದು, ನಡಿಗೆ ಇನ್ನೊಬ್ಬರದು.

ಇದರಲ್ಲಿ ತಪ್ಪೇನಿಲ್ಲ ಬಿಡಿ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ನಾವು ಮಾಡದೆ ನಮ್ಮ ತಾತಂದಿರು ಮಾಡಕ್ಕಾಗ್ತದಾ? ಆದರೆ ಒಂದು ಪ್ರಶ್ನೆ. ‘ಶುಭಂ’ ಬಿದ್ದು, ಥಿಯೇಟರಿನ ಲೈಟು ಹತ್ತಿ, ಜನ ಎಲ್ಲ ಹೊರಗೆ ಹೋದ ಮೇಲೆ ಆ ಕುರ್ಚಿಯಲ್ಲಿ ಉಳಿಯೋನು ಯಾರು? ಕಡಗ ಬಿಚ್ಚಿಟ್ಟು, ಗಡ್ಡ ತೆಗೆಸಿ ಕನ್ನಡಿ ನೋಡಿಕೊಂಡರೆ ಅಲ್ಲಿ ಕಾಣೋ ಮುಖವನ್ನ ‘ಹೌದು, ಇದು ನಂದೇ’ ಅಂತ ಎದೆ ಮೇಲೆ ಕೈಯಿಟ್ಟು ಹೇಳೋ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ?

ಈ ಪ್ರಶ್ನೆ ಎಲ್ಲರಿಗೂ ಒಂದೇ. ಆದರೆ ನಮ್ಮ ನಡುವೆಯೇ ಇರೋ ಒಂದು ಬಗೆಯ ಹುಡುಗನಿಗೆ ಇದು ಇನ್ನೂ ಒಂದು ಪಟ್ಟು ಕಷ್ಟದ ಪ್ರಶ್ನೆ. ಅವನ ಹೆಸರು ಪೀಟರ್!

ಬೆಳ್ಳಿತೆರೆಯ ಪೀಟರ್‌ಗಳು

ನಮ್ಮ ಸಿನಿಮಾಗಳಲ್ಲಿ ಕ್ರೈಸ್ತರು ಹೇಗೆ ಬರ್ತಾರೆ, ಒಂಚೂರು ನೆನಪು ಮಾಡ್ಕೊಳ್ಳಿ. ಸ್ಮಗ್ಲರ್ ಬಾಸಿನ ಎಡಗಡೆ ನಿಂತವನು ಪೀಟರ್. ಬಲಗಡೆ ನಿಂತವನು ರಾಬರ್ಟ್. ಕ್ಲಬ್ಬಿನಲ್ಲಿ ಕುಣಿಯೋಳು ಲಿಲ್ಲಿ, ಇಲ್ಲದಿದ್ರೆ ರೋಸಿ. ಕೈಯಲ್ಲಿ ಬಾಟ್ಲಿ ಹಿಡ್ಕೊಂಡು ‘ಮೈ ಸನ್’ ಅನ್ನೋರು ಯಾರೋ ಒಬ್ಬರು ಅಂಕಲ್. ತೀರಾ ಒಳ್ಳೆಯವರಾದರೆ ಬಿಳಿ ನಿಲುವಂಗಿಯ ಫಾದರ್. ಅವರು ಎರಡನೇ ರೀಲಿನಲ್ಲಿ ಅನಾಥ ಮಗುವನ್ನ ಎತ್ಕೊಂಡು, ಹತ್ತನೇ ರೀಲಿಗೆ ಗುಂಡೇಟು ತಿಂದು ಸತ್ತೇಹೋಗ್ತಾರೆ!

ಅಪವಾದ ಇಲ್ಲ ಅಂತಲ್ಲ. 1972ರಲ್ಲಿ ಬಂದ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ನೆನಪಿದೆಯಲ್ಲ? ಸಂಪತ್ ಕುಮಾರ್ ಅನ್ನೋ ಹುಡುಗ ವಿಷ್ಣುವರ್ಧನ್ ಆಗಿದ್ದು, ನಮ್ಮ ಮದ್ದೂರು ತಾಲ್ಲೂಕು ದೊಡ್ಡರಸಿನಕೆರೆಯ ಅಮರನಾಥ್ ‘ಜಲೀಲ’ನಾಗಿ ಬಂದು ಅಂಬರೀಶ್ ಆಗಿದ್ದು ಅದೇ ಚಿತ್ರದಲ್ಲಿ. ಅದರಲ್ಲಿ ಶುಭಾ ಮಾಡಿದ ಮಾರ್ಗರೆಟ್ ಪಾತ್ರಕ್ಕೆ ಜೀವ ಇತ್ತು, ಹಠ ಇತ್ತು, ಮರ್ಯಾದೆಯೂ ಇತ್ತು. ಆದರೆ ಕೊನೆಗೆ ಏನಾಯ್ತು? ರಾಮಾಚಾರಿ-ಮಾರ್ಗರೆಟ್ ಪ್ರೀತಿಗೆ ಚಿತ್ರದುರ್ಗದಂಥ ಊರಲ್ಲೂ ಒಂದು ಅಂಗೈ ಅಗಲ ಜಾಗ ಸಿಗಲಿಲ್ಲ.

ಈಗ ಮದ್ದೂರಿನಲ್ಲೋ ಮಳವಳ್ಳಿಯಲ್ಲೋ ಒಬ್ಬ ಹುಡುಗ ಇದ್ದಾನೆ ಅಂತಿಟ್ಕೊಳ್ಳಿ. ಮನೇಲಿ ಮುದ್ದೆ, ಉಪ್ಸಾರು. ಮಾತು ಅಚ್ಚ ಮಂಡ್ಯದ್ದು. ಭಾನುವಾರ ಬೆಳಿಗ್ಗೆ ಇಗರ್ಜಿ, ಸಾಯಂಕಾಲ ಸಿನಿಮಾ. ಫಸ್ಟ್ ಡೇ ಫಸ್ಟ್ ಶೋಗೆ ಪೇಪರ್ ಹರಿದು ತೂರೋದರಲ್ಲಿ ಅವನೇ ಮುಂದು. ತೆರೆಯ ಮೇಲೆ ಹೀರೋ ಬಂದು ಪೀಟರನ ಕೆನ್ನೆಗೆ ಬಾರಿಸ್ತಾನೆ. ಶಿಳ್ಳೆಯೋ ಶಿಳ್ಳೆ! ಪಕ್ಕದಲ್ಲಿ ಕೂತ ಗೆಳೆಯ ತೊಡೆ ತಟ್ಟಿ, ‘ಲೋ ಪೀಟ್ರ, ನಿಮ್ಮವನ್ಗೆ ಬಿತ್ತು ನೋಡ್ಲಾ ಏಟು!’ ಅಂತಾನೆ. ದ್ವೇಷದಿಂದ ಅಲ್ಲ, ತಮಾಷೆಗೇ. ಇವನೂ ನಗ್ತಾನೆ. ನಗದೆ ಇನ್ನೇನು ಮಾಡ್ತಾನೆ? ಆದರೆ ಮುಂದಿನ ವರ್ಷ ಬೇರೆ ಊರಿನ ಕಾಲೇಜಿಗೆ ಸೇರಿದಾಗ ‘ಏನಪ್ಪಾ ನಿನ್ನ ಹೆಸರು?’ ಅಂದರೆ ‘ಪ್ರಮೋದ್’ ಅಂತಾನೆ.

ನೆನ್ನೆ ಮೊನ್ನೆ ಬಂದ ಜನ ಅಲ್ಲ ಅವರು. ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದ ಗಂಜಾಂಗೆ ಹೋಗಿ ನೋಡಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಹೆಸರಿನ ಇಗರ್ಜಿ ಇವತ್ತಿಗೂ ನಿಂತಿದೆ. ಸುಮಾರು ಇನ್ನೂರ ಇಪ್ಪತ್ತೈದು ವರ್ಷದ ಗಂಟೆ ಅದು! ಅಂಥ ಜಿಲ್ಲೆಯಲ್ಲಿ ಹುಟ್ಟಿದ ಹುಡುಗನಿಗೆ ತನ್ನ ಹೆಸರು ಹೇಳೋಕೆ ಯಾಕೆ ನಾಲಿಗೆ ತಡವರಿಸಬೇಕು?

ಅವನಿಗೆ ಉತ್ತರ ಎಲ್ಲಿ ಸಿಗ್ತದೆ? ಅವನು ಪ್ರತಿ ಭಾನುವಾರ ಕೇಳೋ ಪುಸ್ತಕದಲ್ಲೇ ಸಿಗ್ತದೆ. ಅದೂ ಸಿನಿಮಾದ ಸೀನಿನ ಹಾಗೇ ಇದೆ!

ಅತ್ತಿಮರ ಹತ್ತಿದ ಅಭಿಮಾನಿ

ಬೈಬಲಿನ ಲೂಕನ ಸುವಾರ್ತೆ, 19ನೇ ಅಧ್ಯಾಯ. ಊರು ಯೆರಿಕೋ. ಯೇಸು ಆ ಊರಿನ ಬೀದಿಯಲ್ಲಿ ಹಾದು ಹೋಗ್ತಾರೆ ಅಂತ ಸುದ್ದಿ. ಜನವೋ ಜನ! ನಮ್ಮೂರಲ್ಲಿ ಶೂಟಿಂಗ್ ನಡೆದಾಗ ಸೇರ್ತದಲ್ಲ, ಹಾಗೆ. ಆ ಊರಲ್ಲಿ ಜಕ್ಕಾಯ ಅಂತ ಒಬ್ಬ. ಆಸಾಮಿ ಕುಳ್ಳ. ಸಾಲದ್ದಕ್ಕೆ ಸುಂಕದವನು, ಸುಂಕದವರ ಯಜಮಾನ. ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡರೆ ಏನು ಬಂತು ಅನ್ನೋ ಗಾದೆ ನಮ್ಮಲ್ಲೂ ಇದೆಯಲ್ಲ! ರೋಮಿನವರ ಪರವಾಗಿ ಸುಂಕ ವಸೂಲಿ ಮಾಡಿ, ನಡುವೆ ತಾನೂ ತಿಂದು ದುಡ್ಡು ಮಾಡಿದ್ದ. ಊರಿಗೆ ಊರೇ ಅವನನ್ನ ಕಂಡರೆ ಮುಖ ತಿರುಗಿಸ್ತಿತ್ತು.

ಇಂಥವನಿಗೆ ಗುಂಪಿನಲ್ಲಿ ದಾರಿ ಬಿಡೋರು ಯಾರು? ಅವನು ಮುಂದಕ್ಕೆ ಓಡಿ ಹೋಗಿ, ದಾರಿ ಬದಿಯ ಅತ್ತಿಮರ ಹತ್ತಿ ಕೂತ. ದೊಡ್ಡ ಶ್ರೀಮಂತ ಮರ ಹತ್ತಿದ! ಅಭಿಮಾನ ಅಂದ್ರೆ ಇದು!

ಯೇಸು ಮರದ ಕೆಳಗೆ ಬಂದರು. ನಿಂತರು. ತಲೆಯೆತ್ತಿ ನೋಡಿ, ಹೆಸರು ಹಿಡಿದು ಕರೆದರು. ‘ಬೇಗ ಇಳಿದು ಬಾ, ಇವತ್ತು ನಿಮ್ಮನೇಲೇ ನನ್ನ ವಾಸ’ ಅನ್ನೋ ಅರ್ಥದ ಮಾತು ಹೇಳಿದರು. ಜನ ಗೊಣಗಿದರು. ಇಷ್ಟು ಜನ ಒಳ್ಳೆಯವರನ್ನ ಬಿಟ್ಟು ಈ ಪಾಪಿ ಮನೆಗಾ?

ಆಮೇಲೆ ಜಕ್ಕಾಯನಿಗೆ ಏನಾಯ್ತು ನೋಡಿ. ತನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡ್ತೀನಿ, ಮೋಸ ಮಾಡಿ ಕಿತ್ತುಕೊಂಡಿದ್ದನ್ನ ನಾಲ್ಕು ಪಟ್ಟು ವಾಪಸ್ ಕೊಡ್ತೀನಿ ಅಂತ ಅಲ್ಲೇ ನಿಂತು ಹೇಳಿದ. ಆದರೆ ಆವತ್ತಿನಿಂದ ಅವನು ಒಂದು ಅಂಗುಲ ಎತ್ತರ ಆದ ಅಂತ ಎಲ್ಲೂ ಬರೆದಿಲ್ಲ! ಕುಳ್ಳತನ ಉಳೀತು, ಕಳ್ಳತನ ಹೋಯ್ತು.

ಕ್ರೈಸ್ತರ ನಂಬಿಕೆಯಲ್ಲಿ ‘ನಿನ್ನನ್ನ ನೀನು ಒಪ್ಪಿಕೋ’ ಅನ್ನೋ ಮಾತಿನ ತಿರುಳು ಇಷ್ಟೇ. ಎತ್ತರ, ಬಣ್ಣ, ಗಂಟಲು, ಹುಟ್ಟಿದ ಮನೆ, ಅಪ್ಪ ಅಮ್ಮ ಇಟ್ಟ ಹೆಸರು... ಇವು ದೇವರು ಕೊಟ್ಟಿದ್ದು. ಅದರ ಬಗ್ಗೆ ನಾಚಿಕೆ ಪಡಬೇಡ. ಕುಡಿತ, ಮೋಸ, ಹೊಟ್ಟೆಕಿಚ್ಚು... ಇವು ನೀನು ಮಾಡಿಕೊಂಡಿದ್ದು. ಅದನ್ನ ತಿದ್ದಿಕೋ. ಎರಡನ್ನೂ ಕಲಸಿಬಿಟ್ಟರೆ ಕಷ್ಟ. ‘ನಾನಿರೋದೇ ಹಿಂಗೆ ಕಣ್ಲಾ’ ಅಂತ ಹೇಳಿಕೊಂಡು ಹೆಂಡತಿಗೆ ಹೊಡೆಯೋನು ತನ್ನನ್ನ ಒಪ್ಪಿಕೊಂಡಿಲ್ಲ, ತನ್ನ ತಪ್ಪನ್ನ ಸಾಕ್ಕೊಂಡಿದ್ದಾನೆ ಅಷ್ಟೆ.

ಇನ್ನೊಂದು ಕತೆ ಮತ್ತಾಯನ ಸುವಾರ್ತೆ 25ನೇ ಅಧ್ಯಾಯದಲ್ಲಿದೆ. ಯಜಮಾನ ಪರದೇಶಕ್ಕೆ ಹೋಗುವಾಗ ಮೂವರು ಆಳುಗಳ ಕೈಗೆ ದುಡ್ಡು ಕೊಟ್ಟು ಹೋಗ್ತಾನೆ. ಒಬ್ಬನಿಗೆ ಐದು ತಲಾಂತು, ಒಬ್ಬನಿಗೆ ಎರಡು, ಒಬ್ಬನಿಗೆ ಒಂದು. ಐದರವನೂ ಎರಡರವನೂ ದುಡಿದು ದುಪ್ಪಟ್ಟು ಮಾಡ್ತಾರೆ. ಒಂದರವನು ಹೆದರಿಕೊಂಡು ನೆಲ ಅಗೆದು ಹೂತಿಡ್ತಾನೆ. ಯಜಮಾನ ಬಂದು ಬೈದಿದ್ದು ಆ ಹೂತಿಟ್ಟವನಿಗೆ. ಎರಡು ದುಡಿದವನಿಗೆ ‘ಯಾಕಪ್ಪಾ ಐದು ದುಡಿಯಲಿಲ್ಲ?’ ಅಂತ ಕೇಳಲಿಲ್ಲ. ಐದು ದುಡಿದವನಿಗೆ ಹೇಳಿದ ಶಹಭಾಸ್‌ಗಿರಿಯನ್ನೇ ಅವನಿಗೂ ಹೇಳಿದ. ಈಗ ಟಿ.ವಿ.ಯಲ್ಲಿ ‘ಟ್ಯಾಲೆಂಟ್ ಶೋ’ ಅಂತ ಬರ್ತದಲ್ಲ, ಇಂಗ್ಲಿಷಿನ ಆ ಟ್ಯಾಲೆಂಟ್ ಅನ್ನೋ ಮಾತು ಹುಟ್ಟಿದ್ದೇ ಈ ತಲಾಂತಿನ ಕತೆಯಿಂದ!

ಸರಿ, ಇದು ಎರಡು ಸಾವಿರ ವರ್ಷದ ಹಿಂದಿನ ಕತೆ. ನಮ್ಮ ಕಾಲದಲ್ಲಿ, ನಮ್ಮ ಸಿನಿಮಾ ಲೋಕದಲ್ಲಿ ತಮ್ಮ ತಲಾಂತನ್ನ ಹೂತಿಡದೆ, ಹೆಸರನ್ನೂ ಮುಚ್ಚಿಡದೆ ಬಾಳಿದವರು ಇದ್ದಾರಾ? ಇದ್ದಾರೆ. ಅವರಲ್ಲಿ ಒಬ್ಬರ ದನಿ ಕೇಳದ ಮನೆ ಕರ್ನಾಟಕದಲ್ಲಿಲ್ಲ.

ಹೆಸರೇ ಯೇಸುವಿನ ದಾಸ

ಸಿನಿಮಾ ಅಂದ್ರೆ ಹೆಸರು ಬದಲಾಗೋ ಜಾಗ. ಸಿಂಗಾನಲ್ಲೂರಿನ ಮುತ್ತುರಾಜ್ 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದರು. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ಶಿವಾಜಿರಾವ್ ರಜನೀಕಾಂತ್ ಆದರು. ಹಿಂದಿಯ ಯೂಸುಫ್ ಖಾನ್ ದಿಲೀಪ್ ಕುಮಾರ್ ಆದರು. ಹೆಸರು ಬದಲಾಯಿಸಿದ್ದು ತಪ್ಪೇನಲ್ಲ. ಅಣ್ಣಾವ್ರು ಕಡೇವರೆಗೂ ಒಳಗೆ ಮುತ್ತುರಾಜನೇ ಆಗಿದ್ದರು ಅನ್ನೋದು ಇಡೀ ನಾಡಿಗೆ ಗೊತ್ತು.

ಆದರೆ ಕಟ್ಟಾಶ್ಶೇರಿ ಜೋಸೆಫ್ ಯೇಸುದಾಸ್ ಅನ್ನೋ ಹೆಸರನ್ನ ನೋಡಿ. ಯೇಸುದಾಸ್ ಅಂದ್ರೆ ಯೇಸುವಿನ ದಾಸ. ಅರವತ್ತರ ದಶಕದಲ್ಲಿ ರಾಮ, ಕೃಷ್ಣ, ಮುರುಗನ ಹಾಡು ಹಾಡಬೇಕಾದ ಹುಡುಗನಿಗೆ ಇದು ಅನುಕೂಲದ ಹೆಸರಾ? ಒಂದು ‘ಕುಮಾರ್’ ಸೇರಿಸಿಕೊಂಡಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಅವರು ಅಪ್ಪ ಇಟ್ಟ ಹೆಸರಲ್ಲೇ ಹಾಡಿದರು.

ಅವರು ಹುಟ್ಟಿದ್ದು 1940ರ ಜನವರಿ 10, ಫೋರ್ಟ್ ಕೊಚ್ಚಿಯಲ್ಲಿ. ತಂದೆ ಅಗಸ್ಟಿನ್ ಜೋಸೆಫ್ ಮಲಯಾಳ ರಂಗಭೂಮಿಯ ನಟ, ಗಾಯಕ. ಮೊದಲ ಗುರುವೂ ಅವರೇ. ಮನೆಯಲ್ಲಿ ಸಂಗೀತಕ್ಕೆ ಬಡತನ ಇರಲಿಲ್ಲ, ದುಡ್ಡಿಗಿತ್ತು. ತೃಪ್ಪುಣಿತ್ತುರದ ಆರ್.ಎಲ್.ವಿ. ಸಂಗೀತ ಶಾಲೆಯಲ್ಲಿ ಕಲಿತರು. ಒಬ್ಬ ಕ್ಯಾಥೊಲಿಕ್ ಹುಡುಗ ಕರ್ನಾಟಕ ಸಂಗೀತ ಕಲಿಯೋದು ಆ ಕಾಲಕ್ಕೆ ಬೀದಿಯವರಿಗೆ ವಿಚಿತ್ರ. ತ್ಯಾಗರಾಜರ ಕೀರ್ತನೆ ನಿನಗ್ಯಾಕಪ್ಪಾ ಅಂತ ಒಂದು ಕಡೆ, ಇಗರ್ಜಿ ಹಾಡು ಹಾಡ್ಕೊಂಡಿರಬಾರದಾ ಅಂತ ಇನ್ನೊಂದು ಕಡೆ. ಸಾಲದ್ದಕ್ಕೆ, ತಿರುವನಂತಪುರದ ಆಕಾಶವಾಣಿಯ ಪರೀಕ್ಷೆಯಲ್ಲಿ ಅವರ ದನಿ ಪ್ರಸಾರಕ್ಕೆ ಸರಿಹೋಗಲ್ಲ ಅಂತ ತಳ್ಳಿಹಾಕಿದ ಕತೆ ಕೇರಳದಲ್ಲಿ ಎಲ್ಲರ ಬಾಯಲ್ಲೂ ಇದೆ. ಯಾವ ದನಿ? ಮುಂದೆ ಎಂಟು ಸಲ ರಾಷ್ಟ್ರಪ್ರಶಸ್ತಿ ಗೆದ್ದ ಗಂಧರ್ವ ದನಿ!

1961ರ ನವೆಂಬರ್ 14. ‘ಕಾಲ್ಪಾಡುಗಳ್’ ಅನ್ನೋ ಮಲಯಾಳ ಚಿತ್ರಕ್ಕೆ ಮದರಾಸಿನಲ್ಲಿ ಧ್ವನಿಮುದ್ರಣ. ಸಂಗೀತ ಎಂ.ಬಿ. ಶ್ರೀನಿವಾಸನ್. ಇಪ್ಪತ್ತೊಂದು ವರ್ಷದ ಯೇಸುದಾಸ್ ಮೈಕಿನ ಮುಂದೆ ನಿಂತು ಹಾಡಿದ ಮೊದಲ ಸಾಲುಗಳು ನಾರಾಯಣ ಗುರುಗಳವು. ಜಾತಿಯ ಭೇದ, ಮತದ ದ್ವೇಷ ಇಲ್ಲದೆ ಎಲ್ಲರೂ ಅಣ್ಣತಮ್ಮಂದಿರಾಗಿ ಬಾಳೋ ಜಾಗ ಇದು ಅನ್ನೋ ಅರ್ಥದ ನಾಲ್ಕೇ ಸಾಲು. ಎಂಥ ಶಕುನ ನೋಡಿ! ಯೇಸುವಿನ ಹೆಸರಿಟ್ಟುಕೊಂಡ ಹುಡುಗ, ಈಳವ ಕುಲದಲ್ಲಿ ಹುಟ್ಟಿದ ಸನ್ಯಾಸಿಯ ಮಾತು ಹಾಡಿ ಸಿನಿಮಾದೊಳಗೆ ಕಾಲಿಟ್ಟ. ಮೊದಲ ರಾಷ್ಟ್ರಪ್ರಶಸ್ತಿ ಬಂದಿದ್ದೂ 1972ರ ‘ಅಚ್ಚನುಂ ಬಾಪ್ಪಯುಂ’ ಚಿತ್ರದಲ್ಲಿ, ಮತಗಳನ್ನ ಮನುಷ್ಯನೇ ಕಟ್ಟಿಕೊಂಡ ಅನ್ನೋ ಹಾಡಿಗೆ.

ಚೌಡಯ್ಯನವರ ಪಿಟೀಲಿನ ನಂಟು

‘ಮಲಯಾಳದ ಯೇಸುದಾಸ್‌ಗೂ ಮಂಡ್ಯಕ್ಕೂ ಏನ್ ಗುರು ಸಂಬಂಧ?’ ಅಂತ ಕೇಳ್ತೀರಾ? ಇದೆ, ತಾಳಿ.

ಮಳವಳ್ಳಿ ತಾಲ್ಲೂಕು ದಾಟಿದರೆ ಆ ಕಡೆ ಟಿ. ನರಸೀಪುರ, ಕಾವೇರಿ ಕಪಿಲಾ ಕೂಡೋ ತಿರುಮಕೂಡಲು. ಆ ಊರಿನವರು ಪಿಟೀಲು ಚೌಡಯ್ಯ. ಮೈಕ್ ಇಲ್ಲದ ಕಾಲದ ದೊಡ್ಡ ಸಭೆಗಳಲ್ಲಿ ನಾಲ್ಕು ತಂತಿಯ ಪಿಟೀಲು ಹಿಂದಿನ ಸಾಲಿಗೆ ಕೇಳಿಸಲ್ಲ ಅಂತ ಏಳು ತಂತಿಯ ಪಿಟೀಲು ಮಾಡಿಕೊಂಡ ಗಂಡುಗಲಿ! ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿರೋ ಚೌಡಯ್ಯ ಸ್ಮಾರಕ ಭವನ ಅವರ ಹೆಸರಿನದೇ. ನಮ್ಮ ರೆಬೆಲ್ ಸ್ಟಾರ್ ಅಂಬರೀಶ್ ಇದೇ ಚೌಡಯ್ಯನವರ ಮೊಮ್ಮಗ. ಆ ಚೌಡಯ್ಯನವರು ಪಕ್ಕದಲ್ಲಿ ಕೂತು ಪಿಟೀಲು ನುಡಿಸಿದ ಮಹಾ ಗಾಯಕರಲ್ಲಿ ಒಬ್ಬರು ಚೆಂಬೈ ವೈದ್ಯನಾಥ ಭಾಗವತರು. ಗುರುವಾಯೂರಪ್ಪನ ಪರಮಭಕ್ತರು. ಅದೇ ಚೆಂಬೈ ತಮ್ಮ ಕೊನೆಗಾಲದಲ್ಲಿ ಶಿಷ್ಯನಾಗಿ ತೆಗೆದುಕೊಂಡಿದ್ದು ನಮ್ಮ ಯೇಸುದಾಸರನ್ನ!

ಯೋಚನೆ ಮಾಡಿ. ಗುರುವಾಯೂರು ದೇವಸ್ಥಾನದೊಳಕ್ಕೆ ಹಿಂದೂ ಅಲ್ಲದವರಿಗೆ ಪ್ರವೇಶ ಇಲ್ಲ. ಗುರು ಒಳಗೆ ಹೋಗ್ತಾರೆ, ಶಿಷ್ಯ ಹೊರಗೆ. ಆದರೆ ಗುರು ಶಿಷ್ಯನ ಹೆಸರು ಬದಲಾಯಿಸು ಅನ್ನಲಿಲ್ಲ. ಶಿಷ್ಯ ಸಿಟ್ಟು ಮಾಡಿಕೊಂಡು ಕೃಷ್ಣನ ಹಾಡು ನಿಲ್ಲಿಸಲಿಲ್ಲ. 1974ರಲ್ಲಿ ಚೆಂಬೈ ತೀರಿಕೊಂಡರು. ಅವರು ಹಾಕಿಕೊಟ್ಟ ಪಾಠ ಶಿಷ್ಯನ ಗಂಟಲಲ್ಲಿ ಉಳೀತು.

ಮರುವರ್ಷ, 1975ರಲ್ಲಿ ‘ಸ್ವಾಮಿ ಅಯ್ಯಪ್ಪನ್’ ಚಿತ್ರ ಬಂತು. ದೇವರಾಜನ್ ಮಾಸ್ಟರ್ ರಾಗ ಹಾಕಿದ ‘ಹರಿವರಾಸನಂ’ ಅದರಲ್ಲಿ ಯೇಸುದಾಸ್ ದನಿಯಲ್ಲಿ ಬಂತು. ಆಮೇಲೆ ಶಬರಿಮಲೆಯಲ್ಲಿ ರಾತ್ರಿ ಬಾಗಿಲು ಹಾಕೋ ಹೊತ್ತಿಗೆ ಆ ದನಿಯೇ ಸ್ವಾಮಿಗೆ ಜೋಗುಳ ಆಯ್ತು. ಡಿಸೆಂಬರ್ ಬಂದರೆ ನಮ್ಮ ಮಂಡ್ಯ, ಮದ್ದೂರು ಕಡೆಯ ಎಷ್ಟು ಹುಡುಗರು ಕಪ್ಪು ಬಟ್ಟೆ ಉಟ್ಟು, ಮಾಲೆ ಹಾಕಿ, ಇರುಮುಡಿ ಹೊತ್ತು ವ್ಯಾನು ಹತ್ತಲ್ಲ? ಬೆಟ್ಟದ ಮೇಲೆ ಆ ರಾತ್ರಿ ಕಣ್ಣಲ್ಲಿ ನೀರು ತರಿಸೋ ದನಿ ಯಾರದು ಗುರುವೇ? ಜೋಸೆಫ್ ಮಗ ಯೇಸುದಾಸಂದು!

ಕನ್ನಡಕ್ಕೂ ಅವರು ಹೊರಗಿನವರಲ್ಲ. 1986ರ ‘ಮಲಯ ಮಾರುತ’ವನ್ನ ಒಮ್ಮೆ ಕೇಳಿ. ವಿಜಯಭಾಸ್ಕರ್ ಸಂಗೀತ, ತೆರೆ ಮೇಲೆ ವಿಷ್ಣುವರ್ಧನ್, ಹಿಂದೆ ಯೇಸುದಾಸ್. ಹಲವು ದಶಕಗಳ ಕಾಲ ಜನವರಿ 10ರ ಹುಟ್ಟುಹಬ್ಬಕ್ಕೆ ಅವರು ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ಹಾಡಿದರು. ಪದ್ಮಶ್ರೀ 1975ರಲ್ಲಿ, ಪದ್ಮಭೂಷಣ 2002ರಲ್ಲಿ, ಪದ್ಮವಿಭೂಷಣ 2017ರಲ್ಲಿ.

ಅದೇ 2017ರಲ್ಲಿ ಅವರು ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನಕ್ಕೆ ಹೋಗಲು ಅನುಮತಿ ಕೇಳಿದರು. ಹಿಂದೂ ನಂಬಿಕೆಯಲ್ಲಿ ಶ್ರದ್ಧೆ ಇದೆ ಅಂತ ಬರೆದುಕೊಟ್ಟರು, ಆಡಳಿತ ಒಪ್ಪಿತು. ‘ಹಂಗಾದ್ರೆ ಈಯಪ್ಪ ಯಾವ ಕಡೆ?’ ಅಂತ ಎರಡೂ ಕಡೆಯವರು ಹುಬ್ಬೇರಿಸಿದರೆ ಆಶ್ಚರ್ಯ ಇಲ್ಲ. ಒಬ್ಬ ಮನುಷ್ಯನ ಪ್ರಾರ್ಥನೆಯ ಒಳಗೆ ಇಣುಕಿ ನೋಡೋ ಹಕ್ಕು ಸಿನಿಮಾ ಪತ್ರಿಕೆಗೂ ಇಲ್ಲ, ಪಕ್ಕದ ಮನೆಯವರಿಗೂ ಇಲ್ಲ. ಹೊರಗೆ ಕಾಣೋದನ್ನ ಮಾತ್ರ ಹೇಳಬಹುದು. ಅಷ್ಟೆಲ್ಲ ಆದ ಮೇಲೂ ಅವರ ಹೆಸರು ಯೇಸುದಾಸ್. ಅಪ್ಪ ಇಟ್ಟದ್ದು ಹಾಗೇ ಇದೆ.

ಕ್ಲಬ್ ಹಾಡಿನ ಲೂರ್ದು ಮೇರಿ

ಇನ್ನು ಆ ಲಿಲ್ಲಿ, ರೋಸಿ ಕತೆಗೆ ಬರೋಣ. ತೆರೆಯ ಮೇಲೆ ಕ್ಲಬ್ಬಿನಲ್ಲಿ ಕುಣಿಯೋ ಹುಡುಗಿಗೆ ದನಿ ಕೊಡ್ತಿದ್ದೋರು ಯಾರು? ಹಳಬರನ್ನ ಕೇಳಿ, ಥಟ್ಟಂತ ಹೇಳ್ತಾರೆ. ಎಲ್.ಆರ್. ಈಶ್ವರಿ! 1970ರ ಅಣ್ಣಾವ್ರ ‘ಪರೋಪಕಾರಿ’ ಚಿತ್ರದ ಆ ಒಂದು ಹಾಡು ಈಗಲೂ ಆರ್ಕೆಸ್ಟ್ರಾದಲ್ಲಿ ಶುರುವಾದರೆ ಅಜ್ಜಂದಿರೂ ಕುರ್ಚಿ ಮೇಲೆ ನೆಟ್ಟಗೆ ಕೂತ್ಕೊಳ್ತಾರೆ.

ಆ ಹೆಸರಿನ ಮುಂದಿನ ‘ಎಲ್’ ಏನು ಗೊತ್ತಾ? ಲೂರ್ದು. ಮಾತೆ ಮೇರಿಯ ಪುಣ್ಯಕ್ಷೇತ್ರದ ಹೆಸರು. ಮದರಾಸಿನ ಕ್ಯಾಥೊಲಿಕ್ ಮನೆಯ ಹೆಣ್ಣುಮಗಳು. ಕೋರಸ್ಸಿನಲ್ಲಿ ಹಿಂದಿನ ಸಾಲಲ್ಲಿ ನಿಂತು ಹಾಡ್ತಾ ಬಂದವರು. 1961ರ ತಮಿಳಿನ ‘ಪಾಸಮಲರ್’ ಚಿತ್ರದ ಮದುವೆ ಹಾಡು ಅವರನ್ನ ಮುಂದಿನ ಸಾಲಿಗೆ ತಂತು.

ಆ ಕಾಲದಲ್ಲಿ ಹೆಣ್ಣು ಗಾಯಕಿ ಅಂದ್ರೆ ಎಲ್ಲರಿಗೂ ಸುಶೀಲಮ್ಮನ ಹಾಗೆ, ಜಾನಕಮ್ಮನ ಹಾಗೆ ಜೇನಿನ ದನಿ ಬೇಕು. ಈಶ್ವರಿಯವರ ದನಿಯಲ್ಲಿ ಜೇನಿಗಿಂತ ಹೆಚ್ಚಾಗಿ ಖಾರ ಇತ್ತು. ಅವರು ಇನ್ನೊಬ್ಬ ಸುಶೀಲಾ ಆಗೋಕೆ ಹೊರಟಿದ್ದರೆ ಎರಡನೇ ದರ್ಜೆಯ ಸುಶೀಲಾ ಆಗ್ತಿದ್ದರೋ ಏನೋ. ಇದ್ದ ದನಿಯಲ್ಲೇ ಹಾಡಿ ಒಂದನೇ ದರ್ಜೆಯ ಈಶ್ವರಿ ಆದರು. ಅದೇ ಖಾರದ ದನಿಯಲ್ಲಿ ಮಾರಿಯಮ್ಮನ ಹಾಡು ಹಾಡಿದರು. ತಮಿಳುನಾಡಿನಲ್ಲಿ ಆಡಿ ತಿಂಗಳು ಬಂದರೆ ಅಮ್ಮನ ಗುಡಿ ಗುಡಿ ಮುಂದೆ ಇವತ್ತಿಗೂ ಮೈಕಿನಲ್ಲಿ ಆ ದನಿಯೇ. ಕ್ಲಬ್ಬಿಗೂ ಅದೇ ಗಂಟಲು, ಗುಡಿಗೂ ಅದೇ ಗಂಟಲು!

ಇಗರ್ಜಿಯಲ್ಲಿ ಓದೋ ಪೌಲನ ಪತ್ರವೊಂದರಲ್ಲಿ ಈ ಮಾತಿಗೆ ಹೊಂದೋ ಹೋಲಿಕೆ ಇದೆ. ಮೈಯೆಲ್ಲ ಕಣ್ಣೇ ಆದರೆ ಕೇಳೋದು ಯಾವುದರಿಂದ? ಕಾಲು ಕೈಯಲ್ಲ ಅಂತ ಬೇಜಾರು ಮಾಡಿಕೊಂಡರೆ ಅದು ಮೈಗೆ ಸೇರಿದ್ದಲ್ಲ ಅಂತಾಗ್ತದಾ? ಹೀಗೆ ಕೇಳ್ತಾನೆ ಪೌಲ. ಆರ್ಕೆಸ್ಟ್ರಾದಲ್ಲೂ ಇದೇ ಲೆಕ್ಕ ತಾನೆ? ಎಲ್ಲರೂ ಕೀಬೋರ್ಡೇ ನುಡಿಸ್ತೀವಿ ಅಂದರೆ ತಬಲಕ್ಕೆ ಯಾರು ಕೂರ್ತಾರೆ?

ಸಾಗರದ ಡಿಸೋಜ

ಮೂರನೆಯವರು ಹಾಡುಗಾರರಲ್ಲ, ಕತೆಗಾರರು. ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ ನೋಡಿದ್ದೀರಾ? ಸೌಂದರ್ಯ ತಾನೇ ನಿರ್ಮಿಸಿ, ನಾಗಿಯ ಪಾತ್ರ ಮಾಡಿ, ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ತಂದ ಚಿತ್ರ. ಅಣೆಕಟ್ಟಿನ ನೀರು ಏರ್ತಾ ಏರ್ತಾ ಮನೆ ಸುತ್ತ ಬಂದರೂ ಊರು ಬಿಡದ ಪೂಜಾರಿ ಸಂಸಾರದ ಕತೆ. ಆ ಕತೆ ಬರೆದವರು ಯಾರು? ನಾ. ಡಿಸೋಜ!

ತೆರೆಯ ಮೇಲೆ ಬಾಟ್ಲಿ ಹಿಡ್ಕೊಂಡು ತೂರಾಡೋ ಡಿಸೋಜನನ್ನೇ ನೋಡಿದ ನಮಗೆ ಇಂಥ ಒಬ್ಬ ಡಿಸೋಜರೂ ಇದ್ದರು ಅಂತ ಯಾವ ಸಿನಿಮಾ ಹೇಳಿತು? 1937ರಲ್ಲಿ ಸಾಗರದಲ್ಲಿ ಹುಟ್ಟಿದ ನಾರ್ಬರ್ಟ್ ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರ. ಶರಾವತಿ ಯೋಜನೆಯ ಕೆಲಸದಲ್ಲಿದ್ದವರು. 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ಊರು ಮುಳುಗಿ ಜನ ಗಂಟುಮೂಟೆ ಕಟ್ಟಿದ್ದನ್ನ ಹತ್ತಿರದಿಂದ ಕಂಡು ಕಾದಂಬರಿ ಬರೆದರು. ಮನೆಮಾತು ಕೊಂಕಣಿ, ಪ್ರಾರ್ಥನೆ ಇಗರ್ಜಿಯಲ್ಲಿ, ಬರವಣಿಗೆ ಕನ್ನಡದಲ್ಲಿ. ಹವ್ಯಕರ ಮನೆಯ ಒಳಗನ್ನೂ ಬರೆದರು, ಇಗರ್ಜಿಯ ಸುತ್ತಲಿನ ತಮ್ಮವರ ಮನೆಗಳನ್ನೂ ಬರೆದರು. ‘ಕಾಡಿನ ಬೆಂಕಿ’ಯನ್ನ ಸುರೇಶ್ ಹೆಬ್ಳೀಕರ್ 1988ರಲ್ಲಿ ಚಿತ್ರ ಮಾಡಿದರು.

ಕನ್ನಡದಲ್ಲಿ ಗುಪ್ತನಾಮ ಇಟ್ಟುಕೊಂಡು ಬರೆಯೋ ಪದ್ಧತಿ ಏನು ಕಡಿಮೆಯಾ? ಅವರು ಡಿಸೋಜ ಅಂತಲೇ ಬರೆದರು. 2014ರಲ್ಲಿ ಮಡಿಕೇರಿಯಲ್ಲಿ ನಡೆದ 80ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 2024ರ ಡಿಸೆಂಬರಿನಲ್ಲಿ ನಮ್ಮ ಮಂಡ್ಯದಲ್ಲಿ 87ನೇ ಸಮ್ಮೇಳನ ಮುಗಿದು ಎರಡು ವಾರ ಆಗಿತ್ತಷ್ಟೆ, 2025ರ ಜನವರಿ 5ರಂದು ಅವರು ತೀರಿಕೊಂಡರು.

ಹುಡುಗರಿಗೊಂದು ಮಾತು, ನಿರ್ದೇಶಕರಿಗೊಂದು ಮಾತು

ಗಣೇಶನ ಹಬ್ಬದಲ್ಲಿ ನಮ್ಮ ಊರೂರಲ್ಲಿ ಆರ್ಕೆಸ್ಟ್ರಾ ಇಡ್ತಾರಲ್ಲ. ಅಲ್ಲಿ ಜೂನಿಯರ್ ವಿಷ್ಣು, ಜೂನಿಯರ್ ಅಂಬಿ, ಜೂನಿಯರ್ ಯೇಸುದಾಸ್ ಬರ್ತಾರೆ. ಬರಲಿ. ಕಲಿಯೋದು ನಕಲಿನಿಂದಲೇ ಶುರುವಾಗೋದು. ಯೇಸುದಾಸ್ ಕೂಡ ಮೊಹಮ್ಮದ್ ರಫಿಯನ್ನ ಆರಾಧಿಸ್ತಾ ಬೆಳೆದವರೇ. ಆದರೆ ರಫಿಯನ್ನ ಆರಾಧಿಸ್ತಾ ಆರಾಧಿಸ್ತಾ ತಾವು ಯೇಸುದಾಸ್ ಆದರು. ಜೂನಿಯರ್ ರಫಿ ಆಗಿ ನಿಲ್ಲಲಿಲ್ಲ.

ನಮ್ಮ ಅಂಬರೀಶಣ್ಣನನ್ನೇ ತಗೊಳ್ಳಿ. ಮಂಡ್ಯದ ಜನ ಮೂರು ಸಲ ಲೋಕಸಭೆಗೆ ಆರಿಸಿ ಕಳಿಸಿದ ಮೇಲೂ ಅವರ ನಾಲಿಗೆಗೆ ಡೆಲ್ಲಿಯ ನಯ ಬರಲಿಲ್ಲ. ಜನ ‘ಮಂಡ್ಯದ ಗಂಡು’ ಅಂತ ಎದೆಗಪ್ಪಿಕೊಂಡಿದ್ದು ಅದಕ್ಕೇ. ಅವರ ಧರ್ಮ ಬೇರೆ, ಯೇಸುದಾಸರ ಹುಟ್ಟು ಬೇರೆ. ಆದರೆ ತನ್ನತನ ಬಿಡಲಿಲ್ಲ ಅನ್ನೋ ಮಾತಿನಲ್ಲಿ ಇಬ್ಬರೂ ಒಂದೇ ಸಾಲು. 2018ರಲ್ಲಿ ಅಂಬಿ ಹೋದಾಗ ಊರಿಗೆ ಊರೇ ಅತ್ತಿದ್ದು ಅವರ ನಡಿಗೆಯನ್ನ ನಕಲು ಮಾಡೋರು ಇಲ್ಲ ಅಂತಲ್ಲ. ನಕಲು ಮಾಡೋರು ಸಾವಿರ ಜನ ಇದ್ದರು. ಅಸಲಿ ಒಬ್ಬರೇ ಇದ್ದರು.

ಹಾಗಾಗಿ ಮದ್ದೂರಿನ ಪೀಟರಣ್ಣ, ಮಳವಳ್ಳಿಯ ಜೋಸೆಫಣ್ಣ, ಮಂಡ್ಯದ ಆಂತೋಣಿ... ಕಾಲೇಜಿನಲ್ಲಿ ಹೆಸರು ಕೇಳಿದರೆ ಗಟ್ಟಿಯಾಗಿ ಹೇಳ್ರಪ್ಪಾ. ಅತ್ತಿಮರದ ಮೇಲಿದ್ದ ಕುಳ್ಳನನ್ನ ನಿಮ್ಮ ಸ್ವಾಮಿ ಕರೆದಿದ್ದು ಅವನ ಸ್ವಂತ ಹೆಸರಿನಿಂದಲೇ. ಇನ್ನು ಪಕ್ಕದಲ್ಲಿ ಕೂತು ಸಿನಿಮಾ ನೋಡೋ ಗೌಡ, ಶೆಟ್ಟಿ, ಸಿದ್ದ, ಸಲೀಂ... ಮುಂದಿನ ಸಲ ತೆರೆ ಮೇಲೆ ಪೀಟರ್‌ಗೆ ಏಟು ಬಿದ್ದಾಗ ಪಕ್ಕದವನ ತೊಡೆ ತಟ್ಟೋ ಮುಂಚೆ ಒಂದು ಸಲ ಅವನ ಮುಖ ನೋಡಿ. ಅವನೂ ನಿಮ್ಮ ಹಾಗೇ ಹೀರೋ ಅಭಿಮಾನಿ. ಟಿಕೆಟ್‌ಗೆ ಅವನೂ ಅಷ್ಟೇ ದುಡ್ಡು ಕೊಟ್ಟಿದ್ದಾನೆ.

ನಿರ್ದೇಶಕ ಮಹಾಶಯರೇ, ನಿಮಗೂ ಒಂದು ಅರ್ಜಿ. ನಿಮ್ಮ ಮುಂದಿನ ಚಿತ್ರದಲ್ಲಿ ಒಬ್ಬ ಪೀಟರನ್ನ ಇಡಿ. ಅವನು ಮದ್ದೂರಿನವನಾಗಿರಲಿ. ಮುದ್ದೆ ತಿನ್ನಲಿ, ಕಬ್ಬಿನ ಗದ್ದೆಗೆ ನೀರು ಕಟ್ಟಲಿ, ‘ಏನ್ಲಾ, ಯಾಕ್ಲಾ’ ಅನ್ನಲಿ, ಭಾನುವಾರ ಇಗರ್ಜಿಗೆ ಹೋಗಲಿ, ಎದುರು ಮನೆ ಹುಡುಗಿಯನ್ನ ನೋಡಿ ಮೂರು ಡ್ಯುಯೆಟ್ ಹಾಡಲಿ. ಕ್ಲೈಮ್ಯಾಕ್ಸಿನಲ್ಲಿ ಸ್ಮಗ್ಲರ್ ಬಾಸಿಗೆ ಅವನೇ ನಾಲ್ಕು ಬಾರಿಸಲಿ. ಮಂಡ್ಯದಲ್ಲಿ ನೂರು ದಿನ ಓಡಿಸೋ ಜವಾಬ್ದಾರಿ ನಮ್ಮ ಹುಡುಗರದು!